ಬ್ಯಾಟರಿ ಎಲ್ಲಿ ಸೋರುತ್ತಿದೆ

ವೋಲ್ಟಣ್ಣನ ಕಾರಿಗೆ ಬೆಳಿಗ್ಗೆ ಕೀಲಿ ಹಾಕಿ ತಿರುಗಿಸಿದರೆ ಅದು ‘ಟಿಕ್’ ಎನ್ನುತ್ತಿತ್ತು. ಅಷ್ಟೇ. ಮುಂದಿನ ಮಾತು ಮರೆತುಹೋದವರ ಹಾಗೆ ಸುಮ್ಮನಾಗಿಬಿಡುತ್ತಿತ್ತು.

ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ನರ್ಸಿನ ಸಮವಸ್ತ್ರ ತೊಟ್ಟು, ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಆಸ್ಪತ್ರೆಯ ಬೆಳಗಿನ ಪಾಳಿ ಯಾರಿಗೂ ಕಾಯುವುದಿಲ್ಲ.

“ಇನ್ನೊಂದ್ಸಲ ನೋಡ್ತೀನಿ, ಇರು.”

“ನೋಡಿ.”

ಟಿಕ್.

“ವೋಲ್ಟೇಜ್ ಇದೆ. ಆದ್ರೆ ಕರೆಂಟು ಮುಂದಕ್ಕೆ ಹೋಗೋಕೆ ಮನಸ್ಸು ಮಾಡ್ತಿಲ್ಲ.”

“ಮನಸ್ಸು ಮಾಡಿದ್ಮೇಲೆ ಫೋನ್ ಮಾಡಿ,” ಎಂದು ಅವಳು ಇಳಿದು ಬಸ್ಸಿಗೆ ಹೋಗುತ್ತಿದ್ದಳು. ಬಾಗಿಲನ್ನು ಜೋರಾಗಿ ಬಡಿಯುತ್ತಿರಲಿಲ್ಲ. ಮೆತ್ತಗೆ ಹಾಕುತ್ತಿದ್ದಳು. ಅದೇ ಅವನಿಗೆ ಹೆಚ್ಚು ನಾಟುತ್ತಿತ್ತು.

ವೋಲ್ಟಣ್ಣ ಎನ್ನುವುದು ಅಡ್ಡಹೆಸರು. ಅವನ ಕಸುಬಿಗೂ ವಿದ್ಯುತ್ತಿಗೂ ಸಂಬಂಧವಿಲ್ಲ. ಅವನು ಪಾದರಕ್ಷೆ ಅಂಗಡಿಯಲ್ಲಿ ಮಾರಾಟಗಾರ. ಬಂದವರ ಕಾಲು ಅಳೆದು, ಬಿಗಿಯಾದ ಜೋಡನ್ನು ತೊಡಿಸಿ, “ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ” ಎಂದು ನಂಬಿಸುವುದು ಅವನ ಕೆಲಸ. ಈ ಒಂದು ಮಾತಿನಿಂದಲೇ ಅವನ ಸಂಸಾರ ನಡೆಯುತ್ತಿತ್ತು. ಕಾರಿನ ವಿಷಯದಲ್ಲೂ ಮೊದಮೊದಲು ಅವನು ಇದೇ ಮಾತನ್ನು ಹೇಳಿನೋಡಿದ್ದ: “ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ.” ಆದರೆ ಓಡಿಸುವುದಕ್ಕೆ ಮೊದಲು ಅದು ಹೊರಡಬೇಕಿತ್ತು.

ಅಡ್ಡಹೆಸರು ಬಂದದ್ದು ಹೀಗೆ. ಕೆಳಗಿನ ಮನೆಯ ನಿವೃತ್ತ ಆಡಿಟರ ಕಾರು ಒಂದು ದಿನ ಕೈಕೊಟ್ಟಿತು. ದಾರಿಯಲ್ಲಿ ಹೋಗುತ್ತಿದ್ದ ಇವನು ಬಾನೆಟ್ಟಿನೊಳಗೆ ಬಗ್ಗಿ ನೋಡುವಾಗ ಮೊಣಕೈ ಯಾವುದೋ ತಂತಿಗೆ ತಗುಲಿತು. ಕಾರು ಹೊರಟುಬಿಟ್ಟಿತು. “ಏನ್ ಮಾಡಿದ್ರಿ?” ಎಂದು ಆಡಿಟರ್ ಬೆರಗಾಗಿ ಕೇಳಿದಾಗ, ‘ಮೊಣಕೈ ತಗುಲಿತು’ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಕೈ ಒರೆಸಿಕೊಳ್ಳುತ್ತಾ, “ಅರ್ಥಿಂಗ್” ಎಂದ.

ಒಂದು ಪದ ಬಾಯಿಂದ ಹೊರಟರೆ ಅದಕ್ಕೆ ತಕ್ಕ ಸಲಕರಣೆ ಬೇಕಾಗುತ್ತದೆ. ಮರುವಾರ ಅವನು ಕೆಂಪು ತಂತಿ, ಕಪ್ಪು ತಂತಿ ಇರುವ ಹಳದಿ ಮೀಟರೊಂದನ್ನು ಕೊಂಡು, ಡಾಕ್ಟರು ಸ್ಟೆತಸ್ಕೋಪ್ ಹಾಕಿಕೊಳ್ಳುವ ಹಾಗೆ ಕುತ್ತಿಗೆಗೆ ನೇತುಹಾಕಿಕೊಂಡ. ಹೆಂಡತಿಯ ಇಸ್ತ್ರಿಪೆಟ್ಟಿಗೆ, ಮೆಟ್ಟಿಲ ದೀಪ, ಆಡಿಟರ ಹೆಂಡತಿಯ ಮಿಕ್ಸರ್ ಎಲ್ಲದರ ನಾಡಿ ನೋಡಿದ. ಯಾವುದೂ ರಿಪೇರಿಯಾಗಲಿಲ್ಲ, ಆದರೆ ಎಲ್ಲಕ್ಕೂ ಒಂದೊಂದು ಅಂಕಿ ಸಿಕ್ಕಿತು. ಇಡೀ ಕಟ್ಟಡ ಅವನನ್ನು ವೋಲ್ಟಣ್ಣ ಎಂದು ಕರೆಯಿತು. ಅವನು ಬೇಡವೆನ್ನಲಿಲ್ಲ.

ಹೀಗಿರುವಾಗ ಅವನ ಸ್ವಂತ ಕಾರಿನ ಬ್ಯಾಟರಿಯೇ ಬರಿದಾಗತೊಡಗಿದ್ದು. ಒಂದು ದಿನವಲ್ಲ, ಎರಡು ದಿನವಲ್ಲ. ಸಂಜೆ ಚಾರ್ಜ್ ಮಾಡಿಸಿ ತಂದು ಹಾಕಿದರೆ, ಮಾರನೆಯ ದಿನ ಒಮ್ಮೆ ಓಡುತ್ತದೆ, ಅದರ ಮಾರನೆಯ ಬೆಳಿಗ್ಗೆ ಟಿಕ್.

ಮೆಕ್ಯಾನಿಕ್ ಬಂದ. ಆತನದು ದೊಡ್ಡ ಗಂಟಲು, ಸಣ್ಣ ಅನುಮಾನ. ಬಾನೆಟ್ ಎತ್ತುವ ಮೊದಲೇ, “ಸಿಕ್ತು” ಎನ್ನುವವನು. ಬ್ಯಾಟರಿಯ ತುದಿಗಳಲ್ಲಿ ಹಸಿರು ಪಾಚಿ ಕಟ್ಟಿದೆ ಎಂದು ಸೋಡಾಪುಡಿ ಬಿಸಿನೀರಿನಲ್ಲಿ ತೊಳೆದ. ಆಮೇಲೆ ಸ್ಟಾರ್ಟರ್ ಬಿಚ್ಚಿದ. ಆಮೇಲೆ ಆಲ್ಟರ್ನೇಟರ್, ಅಂದರೆ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ, ಅದನ್ನು ಬಿಚ್ಚಿದ. ಕೊನೆಗೆ ಬ್ಯಾಟರಿಯನ್ನೇ ಬದಲಾಯಿಸಿದ. ಪ್ರತಿಸಲವೂ “ಸಿಕ್ತು” ಎಂದ. ಪ್ರತಿಸಲವೂ ಅದು ಮತ್ತೆ ತಪ್ಪಿಸಿಕೊಂಡಿತು.

“ಇದು ಕಾರಲ್ಲ ಸಾರ್, ಕಾಯಿಲೆ,” ಎಂದ ಮೆಕ್ಯಾನಿಕ್ ಕಡೆಗೆ. “ಎಲ್ಲೋ ಒಂದ್ಕಡೆ ಕರೆಂಟು ಸೋರ್ತಿದೆ. ಎಲ್ಲಿ ಅಂತ ದೇವ್ರಿಗೇ ಗೊತ್ತು.”

“ನಿಮಗೆ ಗೊತ್ತಿಲ್ವಾ?” ಎಂದು ಆಡಿಟರು ಇವನನ್ನು ಕೇಳಿದರು. ಅವರಿಗೆ ಯಾವ ಲೆಕ್ಕವೂ ತಾಳೆಯಾಗದೆ ಇದ್ದರೆ ನಿದ್ದೆ ಬರುವುದಿಲ್ಲ.

“ಸೋರಿಕೆ,” ಎಂದ ವೋಲ್ಟಣ್ಣ ಗಂಭೀರವಾಗಿ. “ನಾನು ಮೊದ್ಲೇ ಅಂದ್ಕೊಂಡಿದ್ದೆ.”

ಊಟದ ಮೇಜಿನಲ್ಲಿ ಇದರ ಬಗ್ಗೆ ಮಾತು ಬಂದಾಗ ಅತ್ತೆ ತಲೆಯೆತ್ತುತ್ತಿರಲಿಲ್ಲ. ಅತ್ತೆ ಅಂದರೆ ಹೆಂಡತಿಯ ತಾಯಿ. ನಿವೃತ್ತ ಮುಖ್ಯೋಪಾಧ್ಯಾಯಿನಿ. ಈಗಲೂ ಅವರು ಕೋಣೆಗೆ ಬಂದರೆ ಕುರ್ಚಿಗಳು ನೆಟ್ಟಗೆ ಕೂತ ಹಾಗೆ ಕಾಣುತ್ತಿತ್ತು. ಕಟ್ಟಡದ ಸಭೆಯಲ್ಲಿ ಒಮ್ಮೆ ಅವರು ಎದ್ದುನಿಂತು, ಮಧ್ಯಾಹ್ನದ ರೇಡಿಯೊ ಧಾರಾವಾಹಿಗಳಿಂದ ಹೆಂಗಸರ ಬುದ್ಧಿ ಹೇಗೆ ನೆನೆದ ಕಾಗದದಂತಾಗುತ್ತದೆ ಎಂದು ದೀರ್ಘವಾಗಿ ಹೇಳಿದ್ದರು. ಹೇಳುವಾಗ ಆಡಿಟರ ಹೆಂಡತಿಯನ್ನೇ ನೋಡಿದ್ದರು. ಆವತ್ತಿನಿಂದ ಆಡಿಟರ ಮನೆಯ ರೇಡಿಯೊ ದನಿ ತಗ್ಗಿತು. ಈ ಮನೆಯ ರೇಡಿಯೊವನ್ನಂತೂ ಅತ್ತೆಯೇ ಯಾರಿಗೋ ಕೊಟ್ಟುಬಿಟ್ಟಿದ್ದರು. ಅಳಿಯ ಅವರೆದುರು ಜೋರಾಗಿ ಸೀನುತ್ತಲೂ ಇರಲಿಲ್ಲ.

ಒಂದು ಸಂಜೆ ಹೆಂಡತಿ ಬಟ್ಟೆ ಮಡಿಚುತ್ತಾ ಹೇಳಿದಳು: “ಗುಜರಿಯವ್ರಿಗೆ ಫೋನ್ ಮಾಡಿದ್ದೀನಿ. ಶನಿವಾರ ಸಂಜೆ ಬರ್ತಾರೆ. ಅಷ್ಟರಲ್ಲಿ ಕಾರು ಸರಿಹೋದ್ರೆ ಇಟ್ಕೊಳ್ಳೋಣ. ಇಲ್ಲಾಂದ್ರೆ ಕೊಟ್ಬಿಡೋಣ.”

“ಗುಜರಿಗಾ?”

“ಆಸ್ಪತ್ರೇಲಿ ದಿನಾ ತಡವಾಗಿ ಬರ್ತೀಯ ಅಂತ ಮೇಟ್ರನ್ ನಂಗೆ ಹೇಳ್ತಾರೆ, ನಿಮ್ ಕಾರಿಗಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಜ್ವರ ಇಳಿಯದಿದ್ದರೆ ಔಷಧ ಬದಲಾಯಿಸುವವರ ದನಿ ಅದು. ವೋಲ್ಟಣ್ಣ ಮೀಟರಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡು ಕೂತ. ಕೋಣೆಯ ಇನ್ನೊಂದು ಕೊನೆಯಲ್ಲಿ ಅತ್ತೆಯ ಕೈಯಲ್ಲಿದ್ದ ಹೆಣಿಗೆ ಕಡ್ಡಿ ನಿಂತುಹೋಯಿತು. ಅದನ್ನು ಯಾರೂ ಗಮನಿಸಲಿಲ್ಲ.

ಶನಿವಾರ ಬೆಳಿಗ್ಗೆ ಮೆಕ್ಯಾನಿಕ್ ಬ್ಯಾಟರಿಯನ್ನು ತುಂಬ ಚಾರ್ಜ್ ಮಾಡಿ ತಂದು ಕೂರಿಸಿದ. ಕಾರು ಹೊರಟಿತು. ಕಟ್ಟಡದ ಸುತ್ತ ಒಂದು ಸುತ್ತು ಬಂದು ನೆಲಮಾಳಿಗೆಯ ತನ್ನ ಜಾಗದಲ್ಲಿ ನಿಂತಿತು. “ಸಂಜೆ ಬಂದು ನೋಡ್ತೀನಿ. ಆಗ್ಲೂ ಹೊರಟ್ರೆ ಸೋರಿಕೆ ಇಲ್ಲ ಅಂತ ಅರ್ಥ,” ಎಂದು ಹೇಳಿ ಮೆಕ್ಯಾನಿಕ್ ಹೋದ.

ವೋಲ್ಟಣ್ಣ ಅಂಗಡಿಗೆ ರಜೆ ಹಾಕಿದ್ದ. ಕಾರಿನ ಜೊತೆಗೆ ಬಂದಿದ್ದ ಹಳೆಯ ಕೈಪಿಡಿಯನ್ನು ಹುಡುಕಿ ತೆಗೆದು ಓದಿದ. ಅದರಲ್ಲಿ ಒಂದು ಸಾಲಿತ್ತು: ಡಿಕ್ಕಿಯ ಮುಚ್ಚಳ ಹಾಕಿದಾಗ ಒಳಗಿನ ದೀಪ ಆರದಿದ್ದರೆ ಬ್ಯಾಟರಿ ಬರಿದಾಗಬಹುದು. ಓದಿದ ಕೂಡಲೇ ಅವನ ಮೈಯಲ್ಲಿ ಕರೆಂಟು ಹರಿದಂತಾಯಿತು. ಮುಚ್ಚಳ ತೆರೆದಾಗ ದೀಪ ಉರಿಯುವುದನ್ನು ಎಲ್ಲರೂ ನೋಡಿದ್ದಾರೆ. ಮುಚ್ಚಿದ ಮೇಲೆ ಆರುತ್ತದೆ ಎಂದು ಇದುವರೆಗೆ ಕಣ್ಣಾರೆ ಕಂಡವರು ಯಾರಿದ್ದಾರೆ?

ಮಧ್ಯಾಹ್ನ ಊಟ ಮುಗಿಸಿ, ಅತ್ತೆಗೆ “ಮೆಕ್ಯಾನಿಕ್ ಹತ್ರ ಹೋಗ್ಬರ್ತೀನಿ” ಎಂದು ಹೇಳಿ ಅವನು ನೆಲಮಾಳಿಗೆಗೆ ಇಳಿದ. ದೀಪದ ವಿಷಯ ಅತ್ತೆಗೆ ವಿವರಿಸುವ ಧೈರ್ಯ ಅವನಿಗಿರಲಿಲ್ಲ. ಕೆಳಗೆ ಆಡಿಟರು ತಮ್ಮ ಕಾರಿಗೆ ಧೂಳು ಹೊಡೆಯುತ್ತಿದ್ದರು. ಯೋಜನೆ ಕೇಳಿ ಅವರಿಗೂ ಹುರುಪು ಬಂತು. ಕಣ್ಣಾರೆ ಪರಿಶೀಲಿಸದೆ ಯಾವುದನ್ನೂ ಒಪ್ಪಬಾರದು ಎಂಬುದು ಅವರ ವೃತ್ತಿಧರ್ಮವೂ ಆಗಿತ್ತು.

ವೋಲ್ಟಣ್ಣ ಫೋನನ್ನು ಅವರ ಕೈಗೆ ಕೊಟ್ಟ, ಒಳಗೆ ಒಡೆದುಹೋದೀತೆಂದು. ಮೊಣಕಾಲು ಮಡಿಚಿ, ಸ್ಟೆಪ್ನಿ ಚಕ್ರದ ಪಕ್ಕ ಮಗುವಿನಂತೆ ಮುದುಡಿ ಮಲಗಿದ.

“ಹಾಕಿ,” ಎಂದ.

ಆಡಿಟರು ಹಾಕಿದರು. ಗಟ್ಟಿಯಾಗಿ ಕ್ಲಿಕ್ ಎಂದಿತು. ಕತ್ತಲಾಯಿತು.

“ಆರ್ತು,” ಎಂದ ವೋಲ್ಟಣ್ಣ ಒಳಗಿನಿಂದ.

“ಏನಂದ್ರಿ?”

“ದೀಪ ಆರ್ತು. ಡಿಕ್ಕಿ ನಿರಪರಾಧಿ. ತೆಗೀರಿ.”

“ಕೀಲಿ ಎಲ್ಲಿ?”

ವೋಲ್ಟಣ್ಣ ಜೇಬು ಮುಟ್ಟಿ ನೋಡಿಕೊಂಡ. ಕೀಲಿ ಭದ್ರವಾಗಿತ್ತು. “ನನ್ ಹತ್ರಾನೇ ಇದೆ.”

“ಹಾಗಾದ್ರೆ ಕೊಡಿ.”

ಇಬ್ಬರೂ ವಿದ್ಯಾವಂತರು, ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಹಳೆಯ ಕಾರು. ಡಿಕ್ಕಿ ಹೊರಗಿನಿಂದ ಕೀಲಿ ಹಾಕಿದರೆ ಮಾತ್ರ ತೆರೆಯುತ್ತದೆ. ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ ತಗಡಿನ ಗೋಡೆ.

“ಸಂದಿಯಲ್ಲಿ ತೂರಿಸಿ ನೋಡಿ.”

“ಹೊಸ ರಬ್ಬರ್ ಹಾಕ್ಸಿದ್ದೀನಿ. ನೀರೂ ನುಗ್ಗಲ್ಲ.”

“ಈಗ ಗಾಳಿ?”

“ಚಕ್ರದ ಪಕ್ಕ ತುಕ್ಕು ತಿಂದು ಸಣ್ಣ ತೂತಾಗಿದೆ. ಕೀಲಿ ತೂರಲ್ಲ, ಆದ್ರೆ ಗಾಳಿ ಬರ್ತಿದೆ.” ಆ ತೂತನ್ನು ಮುಚ್ಚಿಸಬೇಕೆಂದು ಅವನು ವರ್ಷದಿಂದ ಅಂದುಕೊಳ್ಳುತ್ತಿದ್ದ. ಸೋಮಾರಿತನಕ್ಕೂ ಕೆಲವೊಮ್ಮೆ ಫಲ ಸಿಗುತ್ತದೆ. “ಮನೇಲಿ ಬಾಗಿಲ ಪಕ್ಕ ಮೊಳೆಗೆ ಇನ್ನೊಂದು ಕೀಲಿ ಇದೆ. ಬೇಗ ತಂದ್ಬಿಡಿ.”

ಆಡಿಟರು ಹೊರಟರು. ಆರೋಗ್ಯಕ್ಕೆಂದು ಅವರು ಯಾವಾಗಲೂ ಮೆಟ್ಟಿಲು ಹತ್ತುವವರು. ಅವರು ಮೆಟ್ಟಿಲು ಹತ್ತುತ್ತಿರುವಾಗ ಲಿಫ್ಟು ಕೆಳಗಿಳಿಯಿತು.

ವೋಲ್ಟಣ್ಣನಿಗೆ ಹೆಜ್ಜೆಯ ಸದ್ದು ಕೇಳಿತು. ಕೂಗಬೇಕೆನ್ನುವಷ್ಟರಲ್ಲಿ ಕಾರಿನ ಮುಂದಿನ ಬಾಗಿಲು ತೆರೆಯಿತು. ಯಾರೋ ಕೂತರು. ಸ್ಪ್ರಿಂಗು ನರಳಿತು. ನೋವಿನ ಮುಲಾಮಿನ ವಾಸನೆ ತೇಲಿಬಂತು. ಆ ವಾಸನೆ ಈ ಕಟ್ಟಡದಲ್ಲಿ ಒಬ್ಬರದೇ.

ಕೀಲಿ ತಿರುಗಿದ ಸದ್ದು. ಮೊದಲ ಹಲ್ಲು, ಎರಡನೇ ಹಲ್ಲು; ಇಂಜಿನ್ನು ಹೊರಡಿಸುವ ಮೂರನೆಯದಕ್ಕೆ ಹೋಗಲಿಲ್ಲ. ಫ್ಯಾನು ಜೋರಾಗಿ ಬೀಸತೊಡಗಿತು. ಛಾವಣಿಯ ದೀಪ ಹತ್ತಿತು. ಹಿಂದಿನ ಗಾಜಿನ ಕೆಳಗಿದ್ದ ಸ್ಪೀಕರಿನ ಜಾಲರಿಯಿಂದ ಡಿಕ್ಕಿಯೊಳಗೆ ಬೆಳಕಿನ ಗೆರೆಗಳು ಬಿದ್ದವು. ಹೆಣಿಗೆ ಕಡ್ಡಿಗಳು ಟಕಟಕ ಎಂದವು. ಅದಾದ ಮೇಲೆ ಆ ಸ್ಪೀಕರು ನೇರವಾಗಿ ಅವನ ನೆತ್ತಿಯ ಮೇಲೆ ಬಾಯಿ ತೆರೆಯಿತು.

ಪಿಟೀಲು. ಒಬ್ಬ ಹುಡುಗಿಯ ಬಿಕ್ಕಳಿಕೆ. ಮಧ್ಯಾಹ್ನದ ಧಾರಾವಾಹಿ.

ನಾಯಕನನ್ನು ಅವನ ಚಿಕ್ಕಪ್ಪನೇ ಗೋದಾಮಿನಲ್ಲಿ ಕೂಡಿಹಾಕಿದ್ದ. ಬಾಗಿಲಿಗೆ ಕಾವಲು ಅವನ ಅತ್ತೆ. ಅತ್ತ ನಾಯಕಿಗೆ ಬೇರೆಯವನೊಂದಿಗೆ ಮದುವೆ ನಿಶ್ಚಯವಾಗುತ್ತಿತ್ತು.

“ಒಪ್ಕೋಬೇಡ,” ಎಂದರು ಅತ್ತೆ, ಮುಂದಿನ ಸೀಟಿನಲ್ಲಿ. “ದಡ್ಡಿ. ಒಂದೇ ಒಂದಿನ ತಡಿ.”

ವೋಲ್ಟಣ್ಣನ ಎಡಗಾಲಿಗೆ ಜೋಮು ಹಿಡಿದಿತ್ತು. ಅವನು ತಗಡು ಬಡಿದು ಕೂಗಿದ: “ಅತ್ತೆ, ನಾನಿಲ್ಲಿದ್ದೀನಿ. ಬಾಗಿಲು ತೆಗೀರಿ.”

ದನಿ ಹೊರಟದ್ದು ಸ್ಪೀಕರಿನ ಜಾಲರಿಯಿಂದಲೇ.

“ಆ ಹೆಂಗಸು ತೆಗೆಯಲ್ಲಪ್ಪ,” ಎಂದರು ಅತ್ತೆ, ಕಡ್ಡಿ ಆಡಿಸುತ್ತಲೇ. “ಕಲ್ಲು ಮನಸ್ಸು ಅವಳ್ದು. ಇನ್ನೂ ಸ್ವಲ್ಪ ಜೋರಾಗಿ ಕೂಗು.”

ಅವನು ಇನ್ನೂ ಜೋರಾಗಿ ಕೂಗಿದ.

“ಹಾಂ, ಹಾಗೆ. ಇವತ್ತು ಯಾಕೋ ಗಂಟಲು ಕಟ್ಟಿದೆ ಇವನಿಗೆ. ಶೀತ ಆಗಿರ್ಬೇಕು.”

ಅವನು ಮತ್ತೊಮ್ಮೆ ಬಾಯಿ ತೆರೆದಿದ್ದ. ಆದರೆ ಅಷ್ಟರಲ್ಲಿ ಮುಂದಿನಿಂದ ಬೇರೊಂದು ಸದ್ದು ಬಂತು. ಮೂಗು ಒರೆಸಿಕೊಳ್ಳುವ ಸದ್ದು. ಇಡೀ ಶಾಲೆಯನ್ನು ಕಣ್ಣಿನಲ್ಲೇ ಆಳಿದ ಆ ಹೆಂಗಸು, ಕೈಹಿಡಿದವರು ತೀರಿಕೊಂಡಾಗಲೂ ಬಂದವರಿಗೆಲ್ಲ ಕುರ್ಚಿ ಹಾಕಿಸುತ್ತಾ ಓಡಾಡಿದ್ದ ಆ ಹೆಂಗಸು, ರೇಡಿಯೊದ ಹುಡುಗಿಗೆ ಹೇಳುತ್ತಿದ್ದರು: “ಅಳ್ಬೇಡ ಮಗೂ. ಅಳ್ಬೇಡ. ಬರ್ತಾನೆ.”

ವೋಲ್ಟಣ್ಣ ಬಾಯಿ ಮುಚ್ಚಿಕೊಂಡ. ಈಗ ಯಾರಾದರೂ ಮುಚ್ಚಳ ತೆರೆದರೆ ಸಾಕಪ್ಪಾ ಎಂಬ ಆಸೆ ಹೋಗಿ, ಯಾರೂ ತೆರೆಯದಿದ್ದರೆ ಸಾಕಪ್ಪಾ ಎಂಬ ಆಸೆ ಹುಟ್ಟಿತು.

ಕಥೆ ಮುಗಿಯುವ ಹೊತ್ತಿಗೆ ಫ್ಯಾನು ಉಸಿರು ಕಳೆದುಕೊಂಡಿತು. ದೀಪದ ಗೆರೆಗಳು ಹಳದಿಯಾಗಿ, ಕಂದಾಗಿ ಮಾಯವಾದವು. ಪಿಟೀಲು ನಿದ್ದೆಗಣ್ಣಿನಲ್ಲಿ ಗೊಣಗಿ ನಿಂತಿತು. ಸೋರಿಕೆ ಎಲ್ಲಿದೆ ಎಂದು ಈ ಲೋಕದಲ್ಲಿ ವೋಲ್ಟಣ್ಣನಿಗೆ ಒಬ್ಬನಿಗೇ ಗೊತ್ತಾಯಿತು. ಮೀಟರು ಅವನ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡು ಒತ್ತುತ್ತಿತ್ತು.

“ಸ್ಟೇಶನ್ನಿನವ್ರು ಯಾವಾಗ್ಲೂ ಹೀಗೇ, ಕೊನೇಲಿ ದನಿ ತಗ್ಗಿಸ್ಬಿಡ್ತಾರೆ,” ಎಂದು ಗೊಣಗಿ ಅತ್ತೆ ಇಳಿದರು. ಇಂಜಿನ್ನು ಓಡುವುದು ಪೆಟ್ರೋಲಿನಲ್ಲಿ, ಅದಕ್ಕೂ ರೇಡಿಯೊಗೂ ಏನು ಸಂಬಂಧ ಎಂಬುದು ಅವರ ತಿಳಿವಳಿಕೆ. ಅವರು ಕಲಿಸುತ್ತಿದ್ದದ್ದು ಇತಿಹಾಸ.

ಇತ್ತ ಆಡಿಟರು ಮನೆಯ ಬೆಲ್ಲು ಒತ್ತಿ ಒತ್ತಿ, ಕೊನೆಗೆ ಬರೀ ಚಿಲಕ ಹಾಕಿದ್ದ ಬಾಗಿಲನ್ನು ತಾವೇ ತೆಗೆದು ನೋಡಿದ್ದರು. ಮೊಳೆ ಬರಿದಾಗಿತ್ತು. ಗಾಬರಿಯಲ್ಲಿ ಅವರು ಮೆಟ್ಟಿಲು ಹತ್ತಿ ಇಳಿಯುತ್ತಾ ವೋಲ್ಟಣ್ಣನ ಫೋನಿನಿಂದ ಅವನ ಹೆಂಡತಿಗೆ ಕರೆ ಮಾಡಿ, “ನಿಮ್ಮವರು ಡಿಕ್ಕಿಯಲ್ಲಿದ್ದಾರೆ, ಕೀಲಿ ಅವರ ಜೇಬಿನಲ್ಲಿದೆ” ಎಂದರು. ಆಮೇಲೆ ಮೆಕ್ಯಾನಿಕ್‌ಗೆ ಹೇಳಿದರು. ಆಡಿಟರದು ಲೆಕ್ಕ ಓದುವ ದನಿ, ಮಹಡಿ ಮಹಡಿಗೂ ಕೇಳುತ್ತದೆ. ಯಾರೋ ಅರ್ಧ ಕೇಳಿಸಿಕೊಂಡು, ನೆಲಮಾಳಿಗೆಯಲ್ಲಿ ಒಬ್ಬ ಮನುಷ್ಯನನ್ನು ಡಿಕ್ಕಿಯಲ್ಲಿ ಬಚ್ಚಿಟ್ಟಿದ್ದಾರೆ ಎಂದು ಪೊಲೀಸಿಗೆ ತಿಳಿಸಿದರು.

ಎಲ್ಲರಿಗೂ ಕರೆ ಮಾಡಿ ಮುಗಿಸಿ ಆಡಿಟರು ಕಡೆಯದಾಗಿ ಇನ್ನೊಮ್ಮೆ ಬೆಲ್ಲು ಒತ್ತಿದಾಗ ಅತ್ತೆಯೇ ಬಾಗಿಲು ತೆಗೆದರು. ಮೊಳೆಯಲ್ಲಿ ಕೀಲಿ ತೂಗುತ್ತಿತ್ತು.

“ಇದು ಆಗ್ಲೇ ಇರ್ಲಿಲ್ಲ,” ಎಂದರು ಆಡಿಟರು.

“ಕೀಲಿ ಎಲ್ಲಿಗೆ ಹೋಗುತ್ತೆ?” ಎಂದರು ಅತ್ತೆ. “ಏನ್ ಸಮಾಚಾರ?”

“ನಿಮ್ಮ ಅಳಿಯ ಡಿಕ್ಕಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಊಟ ಆದಾಗಿನಿಂದ.”

ಅತ್ತೆ ಕೀಲಿಯನ್ನು ಮೊಳೆಯಿಂದ ತೆಗೆದರು. “ಊಟ ಆದಾಗಿನಿಂದಲಾ,” ಎಂದು ಮಾತ್ರ ಅಂದರು.

ಮುಚ್ಚಳ ತೆರೆದಾಗ ವೋಲ್ಟಣ್ಣ ಕಣ್ಣು ಕಿರಿದು ಮಾಡಿಕೊಂಡು ನೋಡಿದ. ಹೆಂಡತಿ ಆಸ್ಪತ್ರೆಯಿಂದ ಓಡಿಬಂದು ಏದುಸಿರು ಬಿಡುತ್ತಿದ್ದಳು. ಮೆಕ್ಯಾನಿಕ್, ಆಡಿಟರು, ಅವರ ಹೆಂಡತಿ, ಒಬ್ಬ ದಪ್ಪ ಪೇದೆ, ಸಂಜೆಗೆ ಮೊದಲೇ ಬಂದು ಹಗ್ಗ ಹಿಡಿದು ನಿಂತ ಗುಜರಿ ವ್ಯಾಪಾರಿ. ಎಲ್ಲರ ಹಿಂದೆ ಅತ್ತೆ, ಕಂಬದಂತೆ ನೆಟ್ಟಗೆ.

ಹೆಂಡತಿ ಮೊದಲು ಅವನ ನಾಡಿ ಹಿಡಿದು ನೋಡಿ, ಆಮೇಲೆ ಕೈ ಬಿಟ್ಟಳು. “ಇದ್ದಾರೆ,” ಎಂದು ಎಲ್ಲರಿಗೂ ತಿಳಿಸಿದಳು.

“ಯಾರು ನಿಮ್ಮನ್ನ ಒಳಗೆ ಹಾಕಿದ್ದು?” ಎಂದು ಪೇದೆ ಕೇಳಿದ.

“ನಾನೇ ಹೋಗಿದ್ದು. ದೀಪ ಆರುತ್ತಾ ಅಂತ ನೋಡೋಕೆ.”

“ದೀಪ ಆರುತ್ತಾ ಅಂತ.”

“ಹೌದು. ಆರುತ್ತೆ.”

ಪೇದೆ ಟೋಪಿ ತೆಗೆದು ತಲೆ ಕೆರೆದುಕೊಂಡ. ಇಂಥ ಅಪರಾಧ ಅವನ ಅನುಭವಕ್ಕೆ ಬಂದಿರಲಿಲ್ಲ.

ಅಷ್ಟರಲ್ಲಿ ಮೆಕ್ಯಾನಿಕ್ ಮುಂದೆ ಕೂತು ಕೀಲಿ ತಿರುಗಿಸಿದ. ಟಿಕ್ ಕೂಡ ಬರಲಿಲ್ಲ. ಅವನು ಇಳಿದುಬಂದು ಎಲ್ಲರಿಗೂ ಕೇಳುವಂತೆ ಹೇಳಿದ: “ಬೆಳಿಗ್ಗೆ ನಾನೇ ಭರ್ತಿ ಮಾಡಿದ್ದು. ಈಗ ಖಾಲಿ. ಫ್ಯಾನಿನ ಗುಂಡಿ ಪೂರ್ತಿ ತಿರುಗಿದೆ, ದೀಪದ ಗುಂಡಿ ಒತ್ತಿದೆ, ರೇಡಿಯೊ ಹಾಕಿದೆ. ಸೋರಿಕೆಯಲ್ಲ ಸಾರ್ ಇದು. ಯಾರೋ ಒಳಗೆ ಕೂತು ದಿನಾ ಕುಡೀತಿದ್ದಾರೆ. ಫ್ಯಾನು, ದೀಪ, ರೇಡಿಯೊ, ಎಲ್ಲಕ್ಕೂ ಅದೇ ಒಂದು ಬ್ಯಾಟರಿ ಅಲ್ವಾ?”

ಅತ್ತೆಯ ಕಣ್ಣು ಒಮ್ಮೆ ಬಾನೆಟ್ಟಿನ ಕಡೆ ಹೋಗಿ, ನೆಲಕ್ಕೆ ಇಳಿಯಿತು. ಅವರಿಗೆ ಈ ಪಾಠ ಈಗಷ್ಟೇ ಆದದ್ದು.

“ಒಂದು ನಿಮಿಷ,” ಎಂದರು ಆಡಿಟರು. ಬಹಳ ದಿನದ ಮೇಲೆ ಒಂದು ಲೆಕ್ಕ ಅವರಿಗೆ ತಾಳೆಯಾಗುತ್ತಿತ್ತು. “ನಾನು ಮೊದಲ ಸಲ ಹೋದಾಗ ಮೊಳೆಯಲ್ಲಿ ಕೀಲಿ ಇರಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ. ಎರಡನೇ ಸಲ ಕೀಲಿಯೂ ಇತ್ತು, ಮನೆಯಲ್ಲಿ ಜನವೂ ಇದ್ದರು.” ಅವರು ನಿಧಾನವಾಗಿ ಅತ್ತೆಯತ್ತ ತಿರುಗಿದರು. ಅವರ ಹೆಂಡತಿ ಇನ್ನೂ ನಿಧಾನವಾಗಿ, ಇನ್ನೂ ಸಂತೋಷದಿಂದ ತಿರುಗಿದರು. “ಮಧ್ಯಾಹ್ನ ಆ ಹೊತ್ತಿಗೆ ರೇಡಿಯೊದಲ್ಲಿ ಏನು ಬರುತ್ತೆ ಅಂತ ಎಲ್ಲರಿಗೂ ಗೊತ್ತು.”

ಅತ್ತೆ ಕೈಯಲ್ಲಿದ್ದ ಕರವಸ್ತ್ರವನ್ನು ಮಡಿಚಿ, ಇನ್ನೊಮ್ಮೆ ಮಡಿಚಿ, ಹಿಡಿಯೊಳಗೆ ಮುಚ್ಚಿಕೊಂಡರು.

ವೋಲ್ಟಣ್ಣ ಡಿಕ್ಕಿಯ ಅಂಚಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ನಿಜ ಹೇಳಿದರೆ ಕಾರಿಗೆ ಬಂದ ಕಳಂಕ ಕಳೆಯುತ್ತದೆ, ಅವನ ವಿದ್ಯೆಗೆ ಬಂದ ಕಳಂಕವೂ ಕಳೆಯುತ್ತದೆ. ಸುಮ್ಮನಿದ್ದರೆ ಕಾರು ಹಗ್ಗ ಕಟ್ಟಿಸಿಕೊಂಡು ಗುಜರಿಗೆ ಹೋಗುತ್ತದೆ. ಅದರ ಜೊತೆಗೆ ಅತ್ತೆ ಬಾಗಿಲು ಹಾಕಿಕೊಂಡು ಅಳಬಹುದಾದ ಒಂದೇ ಒಂದು ಕೋಣೆಯೂ ಹೋಗುತ್ತದೆ.

“ನಾನೇ,” ಎಂದ ಅವನು.

“ಏನು ನೀವೇ?” ಎಂದ ಪೇದೆ.

“ಕುಡೀತಿದ್ದವ್ನು. ದಿನಾ ಅಂಗಡಿಯಿಂದ ಊಟಕ್ಕೆ ಬಂದಾಗ ಇಲ್ಲಿ ಕೂತು ಧಾರಾವಾಹಿ ಕೇಳ್ತೀನಿ. ಫ್ಯಾನ್ ಹಾಕ್ಕೊಂಡು. ಈ ಕಾರಿನ ಬೀಗ ಸವೆದಿದೆ, ಆನ್ ಇದ್ದಾಗ್ಲೂ ಕೀಲಿ ಕೈಗೆ ಬರುತ್ತೆ. ಆರಿಸೋದು ಮರೆತು ಹೋಗ್ತೀನಿ. ಇವತ್ತೂ ಹಾಕಿ, ಮರೆತು, ಡಿಕ್ಕಿಯೊಳಗೆ ಹೋದೆ.”

ಮೆಕ್ಯಾನಿಕ್ ತನ್ನ ಕೈಯಲ್ಲಿದ್ದ ಸ್ಪ್ಯಾನರನ್ನು ನೋಡಿಕೊಂಡ. ಎಷ್ಟೆಲ್ಲ ಬಿಚ್ಚಿದ್ದ ಅದರಿಂದ.

“ರೇಡಿಯೊ ಸದ್ದು ನನಗೆ ಕೇಳಿಸಲಿಲ್ಲವಲ್ಲ?” ಎಂದರು ಆಡಿಟರು.

“ಸಣ್ಣಗೆ ಇಟ್ಟಿರ್ತೀನಿ. ನಾಚಿಕೆ ಆಗುತ್ತೆ.”

“ಮತ್ತೆ ಮೊಳೆಯ ಕೀಲಿ?”

“ಕನ್ನಡಕ ಹಾಕ್ಕೊಂಡಿದ್ರಾ?”

ಆಡಿಟರು ಹಣೆ ಮುಟ್ಟಿಕೊಂಡರು. ಕನ್ನಡಕ ಅವರ ಕಾರಿನ ಬಾನೆಟ್ಟಿನ ಮೇಲಿತ್ತು. ಲೆಕ್ಕ ಅವರ ಕಣ್ಣೆದುರೇ ಮತ್ತೆ ಕಲಸಿಹೋಯಿತು.

ಪೇದೆ ಮಾತ್ರ ಅಷ್ಟು ಸುಲಭಕ್ಕೆ ನಂಬುವವನಲ್ಲ. “ಧಾರಾವಾಹಿ ಕೇಳ್ತೀನಿ ಅಂತೀರಿ. ಇವತ್ತಿನ ಕಥೆ ಏನಾಯ್ತು?”

“ಗೋದಾಮಿನಲ್ಲಿ ಕೂಡಿಹಾಕಿದ್ದಾರೆ ಅವನನ್ನ. ಅತ್ತೆ ಬಾಗಿಲು ತೆಗೀಲಿಲ್ಲ.”

“ಇನ್ನೂ ತೆಗೀಲಿಲ್ವಾ?” ಪೇದೆಯ ಮುಖ ಇಳಿಯಿತು. “ಹುಡುಗಿ?”

“ಒಪ್ಕೊಂಡುಬಿಟ್ಟಳು.”

ಪೇದೆ ದೀರ್ಘವಾಗಿ ಉಸಿರುಬಿಟ್ಟ. “ಡ್ಯೂಟಿ ಇದ್ದಿದ್ರಿಂದ ತಪ್ಪಿಹೋಯ್ತು. ಸರಿ, ಹೇಳಿಕೆ ಸತ್ಯವಾಗಿದೆ,” ಎಂದು ಟೋಪಿ ಹಾಕಿಕೊಂಡ.

ಆಡಿಟರ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದರು. ಮೆಕ್ಯಾನಿಕ್ ಸಹ ನಕ್ಕ. “ವೋಲ್ಟಣ್ಣ ಅಳ್ತಾರಂತೆ ಕಾರಲ್ಲಿ ಕೂತು,” ಎಂದ ಗುಜರಿ ವ್ಯಾಪಾರಿಗೆ. ಯಾರೂ ಹಾಗೆ ಹೇಳಿರಲಿಲ್ಲ, ಆದರೆ ಆ ಕ್ಷಣದಿಂದ ಅದು ಕಟ್ಟಡದ ಇತಿಹಾಸವಾಯಿತು.

ಆಗ ಅತ್ತೆ ಮುಂದೆ ಬಂದರು.

“ಅಳಿಯಂದ್ರೇ,” ಎಂದರು. ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿ. “ಇಷ್ಟು ವಯಸ್ಸಾಗಿದೆ. ಮರ್ಯಾದಸ್ಥರ ಮನೆ. ಬೆಳೆದ ಗಂಡಸು ಕಾರಿನಲ್ಲಿ ಕೂತು ಇಂಥ ಕಣ್ಣೀರ ಕಥೆ ಕೇಳೋದಾ? ಬುದ್ಧಿ ನೆನೆದ ಕಾಗದ ಆಗುತ್ತೆ ಅಂತ ನಾನು ಸಭೆಯಲ್ಲೇ ಹೇಳಿರಲಿಲ್ವಾ?”

“ಹೇಳಿದ್ರಿ ಅತ್ತೆ.”

“ಹೋಗ್ಲಿ, ಕೇಳಿದ ಮೇಲೆ ಆರಿಸೋಕಾದ್ರೂ ಬರಬೇಡ್ವಾ?”

“ತಪ್ಪಾಯ್ತು ಅತ್ತೆ.”

ಅತ್ತೆ ಇನ್ನೂ ಏನೋ ಹೇಳಹೊರಟು ನಿಂತರು. ಅವನ ಅಂಗಿಯ ತೋಳಿಗೆ ಡಿಕ್ಕಿಯ ಎಣ್ಣೆ ಮೆತ್ತಿತ್ತು. ಮಡಿಚಿದ್ದ ಕರವಸ್ತ್ರ ಬಿಡಿಸಿ ಅದನ್ನು ಒರೆಸಿದರು. “ಕಾಲು ನೋಯ್ತಿದೆಯಾ?” ಎಂದು ಸಣ್ಣದನಿಯಲ್ಲಿ ಕೇಳಿದರು.

“ಇಲ್ಲ. ಜೋಮು ಅಷ್ಟೇ.”

ಹೆಂಡತಿ ಇದನ್ನೆಲ್ಲ ನೋಡುತ್ತಾ ನಿಂತಿದ್ದಳು. ಗಂಡ ದಿನಾ ಮಧ್ಯಾಹ್ನ ಅಂಗಡಿಯಲ್ಲೇ ಡಬ್ಬಿ ಬಿಚ್ಚಿ ಉಣ್ಣುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಡಬ್ಬಿ ಕಟ್ಟುವವಳು ಅವಳೇ. ಅವಳು ತಾಯಿಯ ಕೆಂಪಾದ ಮೂಗನ್ನು ನೋಡಿದಳು, ಗಂಡನ ಬಗ್ಗಿದ ತಲೆಯನ್ನು ನೋಡಿದಳು. ರೋಗ ತಿಳಿದ ಮೇಲೂ ರೋಗಿಯ ಎದುರು ಬಾಯಿಬಿಡದಿರುವುದು ಅವಳ ಕಸುಬು.

“ಕಾರು ಕೊಡಲ್ಲ,” ಎಂದಳು ಗುಜರಿ ವ್ಯಾಪಾರಿಗೆ. “ಅದು ಸರಿಯಾಗೇ ಇದೆ. ಕೆಟ್ಟಿರೋದು ಇವರು. ಬೇಕಾದ್ರೆ ತಗೊಂಡು ಹೋಗಿ.”

ವ್ಯಾಪಾರಿ ವೋಲ್ಟಣ್ಣನನ್ನು ಮೇಲಿಂದ ಕೆಳಗೆ ನೋಡಿ, ಹಗ್ಗ ಸುತ್ತಿಕೊಂಡ. “ಬಿಡಿಭಾಗಕ್ಕೂ ಆಗಲ್ಲಮ್ಮ,” ಎಂದು ಹೊರಟ.

“ಇನ್ಮೇಲೆ ಇವರನ್ನ ನಂಬೋಕಾಗಲ್ಲ,” ಎಂದಳು ಹೆಂಡತಿ. “ಅಮ್ಮಾ, ದಿನಾ ಮಧ್ಯಾಹ್ನ ನೀನೇ ಕೆಳಗೆ ಬಂದು ನೋಡ್ಕೊಂಡು ಹೋಗು. ಇವರು ಆರಿಸಿದ್ದಾರೋ ಇಲ್ವೋ ಅಂತ.”

ಎಲ್ಲರೂ ಅತ್ತೆಯನ್ನು ನೋಡಿದರು. ಅತ್ತೆ ಹೊಸ ಹೊಣೆಯ ಭಾರವನ್ನು ಅಳೆಯುವವರಂತೆ ಸ್ವಲ್ಪ ಹೊತ್ತು ಯೋಚಿಸಿದರು.

“ಬರೀ ನೋಡಿ ಹೋದ್ರೆ ಸಾಲಲ್ಲ,” ಎಂದರು. “ಪೂರ್ತಿ ಮುಗಿಯೋವರೆಗೂ ಪಕ್ಕದಲ್ಲೇ ಕೂತು ಕಾಯಬೇಕಾಗುತ್ತೆ.”

“ಕಾಯಿ,” ಎಂದಳು ಮಗಳು.

ಬ್ಯಾಟರಿಯನ್ನು ಮತ್ತೆ ತುಂಬಿಸಿದ ಮೇಲೆ, ಸೋಮವಾರ ಬೆಳಿಗ್ಗೆ ಕಾರು ಒಂದೇ ಸಲಕ್ಕೆ ಹೊರಟು, ಹೆಂಡತಿಯನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿಸಿ, ವಾಪಸ್ ನೆಲಮಾಳಿಗೆಗೆ ಬಂದು ನಿಂತಿತು. ಹೇಳಿದ ಸುಳ್ಳಿಗೆ ತಕ್ಕಂತೆ ವೋಲ್ಟಣ್ಣ ಮಧ್ಯಾಹ್ನ ಬಸ್ಸು ಹಿಡಿದು ಮನೆಗೆ ಬರಬೇಕಾಯಿತು. ಅತ್ತೆ ಆಗಲೇ ಕಾರಿನಲ್ಲಿ ಕೂತಿದ್ದರು, ಹೆಣಿಗೆ ಸಮೇತ. ಆಡಿಟರ ಹೆಂಡತಿ ಅತ್ತ ಹಾದುಹೋಗುತ್ತಾ ಇಣುಕಿದಾಗ, “ಕಾವಲು,” ಎಂದು ಅತ್ತೆ ಬೇಸರದ ಮುಖ ಮಾಡಿದರು.

ಅವನು ಪಕ್ಕದಲ್ಲಿ ಕೂತ. ಅತ್ತೆ ಕೀಲಿ ತಿರುಗಿಸಿದರು. ಮೊದಲ ಹಲ್ಲು. ಬೆರಳುಗಳು ಅಭ್ಯಾಸದಿಂದ ಎರಡನೆಯದರತ್ತ ಹೊರಟವು.

ವೋಲ್ಟಣ್ಣ ಕೆಮ್ಮಿದ. “ಅತ್ತೆ, ರೇಡಿಯೊಗೆ ಮೊದಲನೇದೇ ಸಾಕು. ಎರಡನೇದಕ್ಕೆ ತಿರುಗಿಸಿದ್ರೆ ಇಂಜಿನ್ನಿಗೂ ಕರೆಂಟು ಹೋಗ್ತಾ ಇರುತ್ತೆ. ಫ್ಯಾನ್ ಬದ್ಲು ಕಿಟಕಿ ಇಳಿಸ್ಬಹುದು.”

ಕೀಲಿ ಮೊದಲ ಹಲ್ಲಿನಲ್ಲೇ ನಿಂತಿತು. ಪಿಟೀಲು ಶುರುವಾಯಿತು.

“ನನಗೆ ಗೊತ್ತು,” ಎಂದರು ಅತ್ತೆ, ಕಿಟಕಿ ಇಳಿಸುತ್ತಾ. “ನೀವು ನೆನಪಿಟ್ಕೊಳ್ಳಿ. ಆರಿಸದೆ ಹೋಗೋ ಅಭ್ಯಾಸ ನಿಮ್ಮದು.”